ನಾಗವೇಣಿ ಮತ್ತು ದೋಣಿಯ ಸದ್ದು

ಹುಟ್ಟಿನಿಂದಲೇ ಕಣ್ಣು ಕಾಣದ ಹುಡುಗಿ ಕಡಲಲ್ಲಿ ದಾರಿ ಹೇಗೆ ಹಿಡಿಯುತ್ತಾಳೆ... ಯೋಚಿಸಿದ್ದೀರಾ?

ಕುಮಟಾ ಕಡೆಯ ನಾಗವೇಣಿಗೆ ಒಂದೇ ಆಸೆ. ನಡುಗಡ್ಡೆಯಿಂದ ದಡದವರೆಗೆ ಈಜಬೇಕು. ಜೊತೆಗೆ ಎಂಜಿನ್ ಬೋಟು ಬೇಡ, ಕಡಲಿಗೆ ಒಂದು ಹನಿ ಡೀಸೆಲ್ ಬೀಳಬಾರದು...

ಡಾಕ್ಟರು, ಕಾವಲಿನವರು ಇಲ್ಲದೆ ಪರ್ಮಿಷನ್ ಸಿಗುವುದಿಲ್ಲ. ಅದರ ಖರ್ಚಿಗೆ ಒಂದು ಸೋಪಿನ ಕಂಪನಿ ಸ್ಪಾನ್ಸರ್ ಆಯಿತು.

ಆದರೆ ಈಜುವ ದಿನ ಕಂಪನಿಯ ಮ್ಯಾನೇಜರ್ ನಡುಗಡ್ಡೆಗೆ ಬಂದದ್ದೇ ದೊಡ್ಡ ಎಂಜಿನ್ ಬೋಟಿನಲ್ಲಿ... ಸುತ್ತ ಬ್ಯಾನರ್, ಮೇಲೆ ಲೌಡ್‌ಸ್ಪೀಕರ್, ಲೈವ್ ತೋರಿಸಲು ಕ್ಯಾಮೆರಾ.

"ಸಾರ್, ಬೋಟು ಬೇಡ ಅಂದಿದ್ದೆ ಅಲ್ದಾ?"

"ದೂರದಲ್ಲೇ ಇರ್ತೀವಮ್ಮ. ಕಂಪನಿ ಹೆಸರು ಒಂಚೂರಾದ್ರೂ ಕಾಣ್ಬೇಕಲ್ವಾ?"

"ಕಾಣೂದ್ರ ಬಗ್ಗೆ ನನ್ನ ಹತ್ರ ಎಂತಕ್ಕೆ ಹೇಳ್ತೀರಿ..." ಎಂದು ನಗುತ್ತ ಅವಳು ನೀರಿಗಿಳಿದಳು.

ಮುಂದೆ ಒಂದು ಪುಟ್ಟ ದೋಣಿ. ಅವಳ ಚಿಕ್ಕಪ್ಪ ಹುಟ್ಟು ಹಾಕುತ್ತಿದ್ದ. ಚಿಕ್ಕಮ್ಮ ಮಂಕಾಳಿ ಕೋಲಿನಿಂದ ದೋಣಿಯ ಪಕ್ಕಕ್ಕೆ ಬಡಿಯುತ್ತಿದ್ದಳು. ಟಕ್... ಟಕ್... ಟಕ್...

ಮ್ಯಾನೇಜರಿಗೆ ಕುತೂಹಲ. "ಆಯಮ್ಮ ಯಾಕ್ರೀ ಹಾಗೆ ಬಡೀತಿದ್ದಾರೆ?" ಎಂದು ಬೋಟಿನ ಡ್ರೈವರನ್ನು ಕೇಳಿದರು.

"ಮೀನು ಹೆದರಿ ಬಲೆಗೆ ಬೀಳ್ಲಿ ಅಂತ ಹಾಂಗೆ ಬಡೀತಾರೆ ಸಾರ್. ಇಲ್ಲಿ ಬಲೆಯೇ ಇಲ್ಲ... ಎಂತಕ್ಕೋ ಏನೋ."

"ಈ ಟಕ್ ಟಕ್ ಕೇಳ್ಕೊಂಡು ಪಾಪ ಎಷ್ಟು ಹೊತ್ತು ಈಜ್ತಾಳೆ? ಹತ್ರ ಹೋಗಿ ಹಾಡು ಹಾಕಿ. ಹುರುಪು ಬರ್ಲಿ."

ಕಂಪನಿಯ ಹಾಡು ಕಡಲ ತುಂಬ ಮೊಳಗಿತು.

ನಾಗವೇಣಿ ಈಜು ನಿಲ್ಲಿಸಿದಳು. ತಲೆಯನ್ನು ಆಚೆ ತಿರುಗಿಸಿದಳು, ಈಚೆ ತಿರುಗಿಸಿದಳು... ಆಮೇಲೆ ಬಂಡೆಗಳಿದ್ದ ಕಡೆಗೇ ಈಜತೊಡಗಿದಳು.

"ಬಂದ್ ಮಾಡ್ರಾ ಮಾರಾಯ್ರಾ... ಅವ್ಳಿಗೆ ದೋಣಿ ಕೇಳೂದಿಲ್ಲ," ಮಂಕಾಳಿ ಕೂಗಿದಳು.

ಆಗ ಹೊಳೆಯಿತು ಮ್ಯಾನೇಜರಿಗೆ... ಆ ಸದ್ದೇ ಅವಳ ದಾರಿ.

ಓಡಿಹೋಗಿ ತಾವೇ ಸ್ಪೀಕರಿನ ವೈರು ಕಿತ್ತರು. ಎಂಜಿನ್ನೂ ನಿಂತಿತು.

ಟಕ್... ಟಕ್... ಬಂಡೆಯ ಹತ್ತಿರದಿಂದ ಅವಳು ಮೆಲ್ಲಗೆ ತಿರುಗಿದಳು.

ಆದರೆ ಅಷ್ಟರಲ್ಲಿ ಕಡಲಿನ ಇಳಿತ ಶುರುವಾಗಿ, ನೀರು ದಡದಿಂದ ಹಿಂದಕ್ಕೆ ಎಳೆಯುತ್ತಿತ್ತು. ಒಬ್ಬನ ಕೈಯಲ್ಲಿ ದೋಣಿ ಸಾಗದು. ಮಂಕಾಳಿಯೂ ಹುಟ್ಟು ಹಿಡಿಯಲೇಬೇಕು.

"ಇನ್ನು ಬಡಿಯೂಕೆ ಕೈ ಇಲ್ಲ. ದಾರಿ ತಪ್ಸಿದವ್ರು ನೀವೇ ಅಲ್ದಾ? ಬನ್ನಿ, ನೀವೇ ಬಡೀರಿ."

ಮ್ಯಾನೇಜರ್ ಶೂ ಬಿಚ್ಚಿ ದೋಣಿಗೆ ದಾಟಿದರು. ಕೋಲು ಹಿಡಿದರು.

ಜೇಬಿನಲ್ಲಿ ಫೋನ್ ಕೂಗಿತು. ಹೆಡ್ ಆಫೀಸು... ಲೈವ್‌ನಲ್ಲಿ ಹಾಡು ಯಾಕೆ ನಿಂತಿತು ಎಂದು ಕೇಳಲಿಕ್ಕೇ ಇರಬೇಕು. ಮ್ಯಾನೇಜರ್ ಫೋನ್ ಆಫ್ ಮಾಡಿ ಬಡಿಯುತ್ತಲೇ ಹೋದರು. ಅಂಗೈಯಲ್ಲಿ ಬೊಬ್ಬೆ ಎದ್ದರೂ ನಿಲ್ಲಿಸಲಿಲ್ಲ.

ದಡ ಮುಟ್ಟಿದ ನಾಗವೇಣಿ ಏದುಸಿರು ಬಿಡುತ್ತ ಕೇಳಿದ ಮೊದಲ ಮಾತು ಇದು.

"ಕೊನೆಗೆ ಬಡಿದವ್ರು ಯಾರು? ಚಿಕ್ಕಮ್ಮನ ಕೈ ಅಲ್ಲ ಅದು."

ಮ್ಯಾನೇಜರ್ ಕೋಲು ಕೆಳಗಿಟ್ಟರು. "ನಾನಮ್ಮ..."

"ಸ್ವಲ್ಪ ಅವಸರದ ಕೈ ಸಾರ್ ನಿಮ್ದು," ಅವಳು ನಕ್ಕಳು. "ಆದ್ರೂ ನಂಬ್ಕಂಡು ಬಂದೆ."

ಮ್ಯಾನೇಜರ್ ಅಲ್ಲೇ ಮರಳಿನ ಮೇಲೆ ಕುಳಿತು ಅತ್ತುಬಿಟ್ಟರು...

ನಮ್ಮ ಪ್ರೋತ್ಸಾಹವೇ ಒಮ್ಮೊಮ್ಮೆ ಇನ್ನೊಬ್ಬರ ದಾರಿಗೆ ಅಡ್ಡ ಬರುತ್ತದೆ. ಏನು ಬೇಕೆಂದು ಮೊದಲು ಅವರನ್ನೇ ಕೇಳಬೇಕು.

ನೀವು ಯಾರಿಗೋ ಚಪ್ಪಾಳೆ ತಟ್ಟುತ್ತಿರುವಾಗ... ಅವರಿಗೆ ಬೇಕಾಗಿದ್ದ ಸದ್ದು ಅದರಲ್ಲಿ ಮುಚ್ಚಿಹೋಗಿಲ್ಲ ತಾನೇ?