ಅಚ್ಚು ತಪ್ಪಿದ ನಾಣ್ಯ

"ಅರದಲ್ಲಿ ಉಜ್ಜಿ ಮೋಸ ಮಾಡಕ್ ಬಂದವ್ಳೆ ಅಂದ್ಯಲ್ಲ ನೆನ್ನೆ, ಈಗ ತೂಗು!" ಚಿಕ್ಕಮಾದಮ್ಮ ಒಂದು ಪಕ್ಕ ಅಚ್ಚಿಲ್ಲದೆ ಖಾಲಿಯಿದ್ದ ಐದು ರೂಪಾಯಿ ನಾಣ್ಯವನ್ನು ಹೊನ್ನಯ್ಯನ ತಕ್ಕಡಿಗೆ ಕುಕ್ಕಿದಳು. ಮಂಡ್ಯದ ಆ ಹಳೇ ನಾಣ್ಯದಂಗಡಿಯಲ್ಲಿ ಅವನು ಬೀದಿಗೆಲ್ಲ ಕೇಳುವಂತೆ ಬೈದು, ಕೊನೆಗೆ ಇಪ್ಪತ್ತು ರೂಪಾಯಿಗೆ ಬಿಟ್ಟುಹೋಗು ಎಂದಿದ್ದ.

ತೂಕ ಒಂದಿಷ್ಟೂ ಕಮ್ಮಿಯಿರಲಿಲ್ಲ. ವಿ.ಸಿ. ಫಾರಂ ಕೃಷಿ ಕೇಂದ್ರದಲ್ಲಿ ಬೀಜ ಪರೀಕ್ಷಿಸುವ ಸೊಸೆ ಪ್ರಿಯಾಂಕ ತನ್ನ ಭೂತಗನ್ನಡಿಯನ್ನು ಅವನ ಮುಂದೆ ಹಿಡಿದಳು. "ನೋಡಿ, ಉಜ್ಜಿದ್ರೆ ಗೀರಿರ್ಬೇಕಿತ್ತು. ಖಾಲಿ ಜಾಗ ನುಣ್ಣಗದೆ. ಸಿಂಹಗಳು ಚೆನ್ನಾಗೇ ಮೂಡವೆ, ಒಂದು ಪಕ್ಕಕ್ಕೆ ಜರುಗವೆ ಅಷ್ಟೇ. ಟಂಕಸಾಲೇಲೇ ಅಚ್ಚು ಓರೆ ಬಿದ್ದಿರೋದು. ಇಂಥ ನಾಣ್ಯಕ್ಕೆ ಸಂಗ್ರಹ ಮಾಡೋರು ಸಾವಿರಾರು ರೂಪಾಯಿ ಕೊಡ್ತಾರೆ."

ಹೊನ್ನಯ್ಯ ಭೂತಗನ್ನಡಿಯನ್ನು ಮುಟ್ಟಲೇ ಇಲ್ಲ. "ಆಯ್ತು ಕಣಮ್ಮ, ಮೂರು ಸಾವ್ರ ತಕೋ," ಎಂದು ದನಿ ತಗ್ಗಿಸಿದ.

ಅವನಿಗೆ ನಿನ್ನೆಯೇ ಎಲ್ಲ ಗೊತ್ತಿತ್ತು! ಚಿಕ್ಕಮಾದಮ್ಮನ ಮೈ ಉರಿದುಹೋಯಿತು. "ನೆನ್ನೆ ಅಂಗ್ ಕೂಗಾಡ್ದೋನು ಇವತ್ ಯಾಕ್ ಪಿಸುಗುಟ್ತೀಯೆ? ಬಾಗ್ಲಿಗ್ ಬಂದು ನಿಜ ಏಳು, ಎಲ್ರಿಗೂ ಕೇಳ್ಲಿ."

ಅವಳು ಕದಲುವಂತೆ ಕಾಣಲಿಲ್ಲ. ಹೊನ್ನಯ್ಯ ಎದ್ದು ಬಾಗಿಲಿಗೆ ಬಂದ. ಪಕ್ಕದಂಗಡಿಯವರು ಕತ್ತು ಚಾಚಿದರು.

"ಈಯಮ್ಮ ಏನೂ ಉಜ್ಜಿಲ್ಲ," ಎಂದ. "ಸುಳ್ಳು ಏಳಿದ್ದು ನಾನು."

ಚಿಕ್ಕಮಾದಮ್ಮ ನಾಣ್ಯ ಎತ್ತಿಕೊಂಡು, ಅವನ ಮುಖ ನೋಡದೆ ಬೀದಿಗಿಳಿದಳು.