ದೋಸೆ ಹೆಂಚಿನ ಗುಟ್ಟು

ಜಂಬುನಾಥ ಪೋರ್ಚುಗಲ್‌ನಿಂದ ದೋಸೆ ಹೆಂಚು ತರಿಸಿ ಬೆಲ್ಜಿಯಂನಲ್ಲಿ ಮಾರುತ್ತಿದ್ದ. ಗಡಿ ದಾಟಿ ಬಂದ ಸರಕಿನ ತೂಕವನ್ನು ಪ್ರತಿ ತಿಂಗಳೂ ಅಂಕಿಅಂಶ ಇಲಾಖೆಗೆ ತಿಳಿಸಬೇಕಿತ್ತು. ಆರು ವರ್ಷ ಒಂದು ಸಲವೂ ತಪ್ಪಿಸಿರಲಿಲ್ಲ. ಕಂಪ್ಯೂಟರ್ ಕೆಟ್ಟು ಹಳೆಯದೆಲ್ಲ ಅಳಿಸಿಹೋದಾಗ, ಕಳೆದ ವರ್ಷ ತಾನು ಕೊಟ್ಟ ತೂಕವನ್ನು ಕೇಳಿಕೊಂಡು ಬರಲು ಇಲಾಖೆಗೇ ಹೋದ.

"ಕೊಡಲು ಬರುವುದಿಲ್ಲ," ಎಂದಳು ಅಧಿಕಾರಿ. "ಇಡೀ ದೇಶಕ್ಕೆ ಈ ಹೆಂಚು ತರಿಸುವವರು ಒಬ್ಬರೇ. ತೂಕ ಹೇಳಿದರೆ ಅವರ ವ್ಯಾಪಾರದ ಗುಟ್ಟು ಹೊರಬೀಳುತ್ತದೆ."

"ಆ ಒಬ್ಬ ನಾನೇ ಕಣ್ರೀ ಮೇಡಂ!"

"ಅವರು ಯಾರೆಂದು ನಾನು ಹೇಳುವಂತಿಲ್ಲ."

"ನೀವು ಹೇಳ್ಬೇಡಿ, ನಾನೇ ಹೇಳ್ತಿದ್ದೀನಲ್ಲ. ನನ್ನ ಗುಟ್ಟು ನನಗೆ ಗೊತ್ತಾದ್ರೆ ಯಾರ ಗಂಟು ಹೋಗುತ್ತೆ?"

"ಅವರು ಒಪ್ಪಿಗೆ ಬರೆದುಕೊಟ್ಟರೆ ಆಗಬಹುದು."

ಇಡೀ ದೇಶಕ್ಕೆ ತಾನೊಬ್ಬನೇ ಎಂಬ ಮಾತು ಜಂಬುನಾಥನಿಗೆ ಒಳಗೊಳಗೇ ಖುಷಿ ಕೊಟ್ಟಿತ್ತು. ಅಲ್ಲೇ ನಿಂತು ಒಪ್ಪಿಗೆಪತ್ರ ಬರೆದು, ಪೂರ್ತಿ ಹೆಸರು ಹಾಕಿ, ದೊಡ್ಡದಾಗಿ ಸಹಿ ಮಾಡಿದ. ಅವಳು ಆ ಹೆಸರನ್ನು ಕಡತದಲ್ಲಿ ಎರಡೆರಡು ಸಲ ಹುಡುಕಿದಳು. ಆಮೇಲೆ ಪತ್ರವನ್ನು ಮೆಲ್ಲಗೆ ಅವನತ್ತ ಸರಿಸಿದಳು.

"ಕ್ಷಮಿಸಿ. ಆರು ವರ್ಷದಿಂದ ನೀವು ತೂಕ ಬರೆಸಿರುವುದು ಛಾವಣಿ ಹೆಂಚಿನ ಲೆಕ್ಕದಲ್ಲಿ. ಆ ಒಬ್ಬರು ನೀವಲ್ಲ."