ಕಾಯುವವರ ಗುಂಪು

ಯಾರು ಯಾವ ಗುಂಪಿಗೆ ಎಂದು ಸಾನಿಯಾ ಚೀಟಿ ಎತ್ತಿ ಬಿಚ್ಚಿ ನೋಡುತ್ತಿದ್ದಳು. ನಿಪ್ಪಾಣಿಯ ಬೀಡಿ ಕಟ್ಟುವ ಹೆಂಗಸರಲ್ಲಿ ಅರ್ಧ ಜನಕ್ಕೆ ಬೆನ್ನುನೋವಿನ ವ್ಯಾಯಾಮವನ್ನು ಈಗ ಕಲಿಸಿ, ಉಳಿದವರಿಗೆ ಮೂರು ತಿಂಗಳ ಮೇಲೆ ಕಲಿಸಿ, ಎರಡೂ ಗುಂಪುಗಳನ್ನು ಹೋಲಿಸುವುದು ಅವಳ ಸಂಶೋಧನೆ. ತಾನೂ ಬೀಡಿ ಕಟ್ಟುವ ಅವಳ ತಾಯಿ ದಿಲಶಾದಬಿಯ ಹೆಸರು ಮೂರು ತಿಂಗಳು ಕಾಯುವವರ ಗುಂಪಿಗೆ ಬಂದಿತ್ತು.

"ಬದಲಿ ಮಾಡಬೇ, ಯಾರ ನೋಡ್ತಾರ?" ಎಂದಳು ಗೆಳತಿ ಉಜ್ವಲಾ. ಸಾನಿಯಾ ಬದಲಿಸಲಿಲ್ಲ. ತಾಯಿ ಸೊಂಟ ಹಿಡಿದುಕೊಂಡು ಎದ್ದು ಹೋದಳು.

ಮರುದಿನ ಬೆಳಿಗ್ಗೆ ಸಾನಿಯಾ ಆ ವ್ಯಾಯಾಮವನ್ನು ಮನೆಯಲ್ಲಿ ಒಮ್ಮೆ ಮಾಡಿ ನೋಡತೊಡಗಿದಳು. ಕೂಡಲೇ ದಿಲಶಾದಬಿ ಬೀಡಿಯ ಮೊರ ಎಳೆದುಕೊಂಡು ಗೋಡೆಯ ಕಡೆ ತಿರುಗಿ ಕುಳಿತಳು.

"ಅಮ್ಮಿ, ಸಿಟ್ಟ ಬಂದೈತೇನ?"

"ಸಿಟ್ಟ ಯಾಕ ಬೇಟಾ? ನೋಡಿದ್ರ ನಾನೂ ಕಲ್ತಬಿಡ್ತೀನಿ. ನಿನ್ನ ಲೆಕ್ಕ ತಪ್ಪತೈತಿ."

ಸಾನಿಯಾ ಓಡಿಬಂದು ಅವಳನ್ನು ಹಿಂದಿನಿಂದ ತಬ್ಬಿಕೊಂಡಳು.

"ತಬ್ಬಗೋ," ಎಂದಳು ದಿಲಶಾದಬಿ, "ಆದ್ರ ಬೆನ್ನ ಮಾತ್ರ ಒತ್ತಬ್ಯಾಡ."